ಬೆಳಗಾವಿಯಲ್ಲಿ ಹಾಲಿನ ಕಲ್ಚರ್ ಟೆಸ್ಟ್ ಮಾಡಿಸಿದ ಅನುಭವ, ಮುಂದಿನ ಸೂಜಿ ಹಾಕಿಸೋ ಮೊದಲು ಓದಿ

ಆರು ಸಣ್ಣ ಬಾಟಲಿ ಹಾಲು, ಒಂದು ಥರ್ಮಾಕೋಲ್ ಡಬ್ಬಿ, ಅದರ ತುಂಬ ಐಸ್. ಇಷ್ಟನ್ನು ತೊಡೆ ಮೇಲೆ ಇಟ್ಟುಕೊಂಡು ಹುಕ್ಕೇರಿಯಿಂದ ಬೆಳಗಾವಿ ಬಸ್ ಹತ್ತಿದ್ದೆ. ಬಿಸಿಲು ತಾಗಬಾರದು, ಮಧ್ಯಾಹ್ನದ ಒಳಗೆ ಲ್ಯಾಬ್ ಮುಟ್ಟಿಸಬೇಕು ಅಂತ ಡಾಕ್ಟರ್ ಹೇಳಿದ್ದರು. ದಾರಿಯುದ್ದಕ್ಕೂ ಒಂದೇ ಚಿಂತೆ. ನಮ್ಮ ಆಕಳುಗಳಿಗೆ ಪದೇ ಪದೇ ಕೆಚ್ಚಲು ಬಾವು ಯಾಕೆ ಬರುತ್ತಿದೆ ಅಂತ ಇದರಿಂದಾದರೂ ಗೊತ್ತಾಗುತ್ತಾ?

ಗೊತ್ತಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೈನು ಮಾಡುವ ನಮ್ಮ ಕಡೆಯ ಜನ ಹಾಲು ಹಿಂಡುವ ಮಷಿನ್ ಬಗ್ಗೆ, ಹಿಂಡಿ ಬಗ್ಗೆ, ಕೊಟ್ಟಿಗೆಗೆ ಹಾಸುವ ಮ್ಯಾಟ್ ಬಗ್ಗೆ ಎಷ್ಟೋ ಅನುಭವ ಹಂಚಿಕೊಳ್ಳುತ್ತಾರೆ. ಹಾಲಿನ ಕಲ್ಚರ್ ಟೆಸ್ಟ್ ಮಾಡಿಸಿ ಹೀಗಾಯಿತು ಅಂತ ಬರೆದವರು ನನಗೆ ಸಿಗಲಿಲ್ಲ. ಕೆಚ್ಚಲಲ್ಲಿ ಸೋಂಕು ಇದೆಯಾ ಅಂತ ಮನೆಯಲ್ಲೇ ನೋಡುವ ಸಿಎಂಟಿ ಕಿಟ್, ಮತ್ತು ಹಾಲಿನಲ್ಲಿರುವ ಕ್ರಿಮಿಯನ್ನು ಬೆಳೆಸಿ ಅದಕ್ಕೆ ಯಾವ ಔಷಧಿ ಹತ್ತುತ್ತದೆ ಅಂತ ನೋಡುವ ಲ್ಯಾಬಿನ ಕಲ್ಚರ್ ಟೆಸ್ಟ್, ಎರಡರ ಬಗ್ಗೆಯೂ ಹೇಳುತ್ತೇನೆ. ಲ್ಯಾಬಿನ ಹೆಸರು ಹಾಕುವುದಿಲ್ಲ, ಯಾಕಂದರೆ ಅವರ ಮೇಲೆ ಒಂದೆರಡು ದೂರೂ ಇವೆ. ಆದರೆ ಟೆಸ್ಟ್ ಮಾತ್ರ ಖಂಡಿತ ಮಾಡಿಸಿ. ನಾವು ಒಂಬತ್ತು ತಿಂಗಳು ತಡ ಮಾಡಿದೆವು.

ನಮ್ಮದು ಹುಕ್ಕೇರಿ ತಾಲೂಕು. ಒಂಬತ್ತು ಆಕಳು, ಎರಡು ಎಮ್ಮೆ. ಆಕಳೆಲ್ಲ ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿ, ಒಂದು ಮಾತ್ರ ಜರ್ಸಿ. ನಾನು, ನಮ್ಮ ಮನೆಯವರು, ಅತ್ತೆ, ಮೂರು ಜನ ಸೇರಿ ನೋಡಿಕೊಳ್ಳುತ್ತೇವೆ. ಹಾಲು ಊರಿನ ಸಂಘದ ಡೈರಿಗೆ ಹೋಗುತ್ತದೆ. ಹೋದ ದಸರಾ ಹೊತ್ತಿಗೆ ದನದ ಸಂತೆಯಿಂದ ಒಂದು ಆಕಳು ತಂದೆವು. ಹಣೆ ಮೇಲೆ ಬಿಳಿ ಚುಕ್ಕೆ ಇತ್ತು, ಅತ್ತೆ ಚಂದ್ರಿ ಅಂತ ಹೆಸರಿಟ್ಟರು. ಎರಡು ಹೊತ್ತು ಸೇರಿ 14 ಲೀಟರ್ ಕೊಡುತ್ತಿತ್ತು. ಬಂದ ಮೂರನೇ ವಾರಕ್ಕೆ ಅದರ ಹಿಂದಿನ ಎಡ ಮೊಲೆಯಲ್ಲಿ ಹಾಲು ಒಡೆದು ಬಂತು. ಕೆಚ್ಚಲು ಬಾವು.

ಊರೂರು ಅಡ್ಡಾಡಿ ದನಗಳಿಗೆ ಸೂಜಿ ಮಾಡುವವರೊಬ್ಬರು ನಮ್ಮ ಕಡೆ ಬರುತ್ತಾರೆ. ಫೋನ್ ಮಾಡಿದರೆ ಅರ್ಧ ಗಂಟೆಯಲ್ಲಿ ಬಾಗಿಲಲ್ಲಿ ಇರುತ್ತಾರೆ. ಅವರನ್ನೇ ಕರೆದೆವು. ಸೂಜಿ ಹಾಕಿದರು, ಎರಡನೇ ದಿನಕ್ಕೆ ಹಾಲು ತಿಳಿಯಾಯಿತು, ಮೂರನೇ ದಿನದ ಸೂಜಿ ಬೇಡ ಅಂತ ನಾವೇ ಬಿಟ್ಟೆವು. ತಿಂಗಳೊಳಗೆ ಅದೇ ಮೊಲೆಗೆ ಮತ್ತೆ ಬಂತು. ಈ ಸಲ ಔಷಧಿ ಅಂಗಡಿಗೆ ನಾನೇ ಹೋದೆ. ಅಂಗಡಿಯವರು ಚೀಟಿ ಕೇಳಲಿಲ್ಲ, ದನ ನೋಡಲಿಲ್ಲ. "ಅಕ್ಕಾರ, ಅದು ಹತ್ತಲಿಲ್ಲಂದ್ರ ಅದಕ್ಕಿಂತ ಹೈ ಪವರ್‌ದು ಐತ್ರಿ, ಒಯ್ರಿ" ಅಂದರು. ಒಯ್ದೆ. ಸಂಕ್ರಾಂತಿ ಹೊತ್ತಿಗೆ ಪಕ್ಕದಲ್ಲಿ ಕಟ್ಟುವ ಆಕಳಿಗೂ ಬಂತು. ಯುಗಾದಿಗೆ ಇನ್ನೊಂದಕ್ಕೆ. ಕಾರಹುಣ್ಣಿಮೆ ದಿನ ಊರೆಲ್ಲ ಎತ್ತಿಗೆ ಬಣ್ಣ ಹಚ್ಚಿ ಕೋಡಿಗೆ ರಿಬ್ಬನ್ ಕಟ್ಟುತ್ತಿದ್ದರೆ ನಾನು ಕೊಟ್ಟಿಗೆಯಲ್ಲಿ ಕೂತು ನಾಲ್ಕನೇ ಆಕಳ ಕೆಚ್ಚಲಿನಿಂದ ಮೊಸರಿನ ಗಡ್ಡೆಯಂಥ ಹಾಲು ಹಿಂಡಿ ಚೆಲ್ಲುತ್ತಿದ್ದೆ.

ಇದರ ಮಧ್ಯೆ ಎರಡು ವಿಷಯ ನಡೆದವು. ಎರಡನ್ನೂ ಆಗ ನಾವು ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ.

ಒಂದು, ಮೊಸರು. ಒಂದು ದಿನ ಬೆಳಿಗ್ಗೆ ಅತ್ತೆ ಗಡಿಗೆ ಬಾಯಿ ತೆಗೆದು ಹಾಗೇ ನಿಂತರು. "ಯವ್ವಾ, ಹೆಪ್ಪ ಹಾಕಿದ್ ಹಾಲ ಹಂಗ ಅದಾವ ನೋಡ." ಬೇಸಿಗೆ, ಏಪ್ರಿಲ್ ತಿಂಗಳು, ಆ ಸೆಕೆಯಲ್ಲಿ ಹೆಪ್ಪಾಗದೇ ಇರೋಕೆ ಸಾಧ್ಯವೇ ಇಲ್ಲ. ಹೆಪ್ಪು ಹಳೆಯದಾಗಿರಬೇಕು ಅಂತ ಪಕ್ಕದ ಮನೆಯಿಂದ ತಂದು ಹಾಕಿದರು. ಮರುದಿನವೂ ಹಾಗೇ ನೀರು ನೀರು. ಸೂಜಿ ಹಾಕಿದ ಆಕಳ ಹಾಲು ಮನೆಗೆ ಇಟ್ಟುಕೊಂಡಿದ್ದೆವು, ಚೆಲ್ಲೋದು ಯಾಕೆ ಅಂತ. ಆ ಹಾಲಿನಲ್ಲಿ ಉಳಿದಿದ್ದ ಔಷಧಿ ಹೆಪ್ಪಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೇ ಬೆಳೆಯೋಕೆ ಬಿಟ್ಟಿರಲಿಲ್ಲ. ಕಾಯಿಸಿದ ಹಾಲಲ್ವಾ ಅಂತ ನಾನು ಆಮೇಲೆ ಡಾಕ್ಟರ್‌ಗೆ ಕೇಳಿದೆ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಆದರೆ ಎಷ್ಟೋ ಆಂಟಿಬಯಾಟಿಕ್ ಕುದಿಸಿದರೂ ಪೂರ್ತಿ ಹೋಗುವುದಿಲ್ಲ ಅಂದರು. ನಮ್ಮ ಮನೆಯಲ್ಲಿ ನಾಲ್ಕು ವರ್ಷದ ಮಗಳಿದ್ದಾಳೆ. ಅವಳು ಎರಡು ಹೊತ್ತು ಅದೇ ಹಾಲು ಕುಡಿದಿದ್ದಳು. ಈಗಲೂ ಅದು ನೆನಪಾದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಎರಡನೆಯದು, ಕರು. ಬಾವು ಬಂದ ಆಕಳ ಹಾಲನ್ನು ಡೈರಿಗೆ ಹಾಕಬಾರದು ಅಂತ ಗೊತ್ತಿತ್ತು. ಅದನ್ನು ಕರುಗಳಿಗೆ ಕುಡಿಸುತ್ತಿದ್ದೆವು. ನಮ್ಮ ಊರಲ್ಲಿ ಎಲ್ಲರೂ ಮಾಡೋದು ಅದೇ. ಮೇ ತಿಂಗಳಲ್ಲಿ 12 ದಿನದ ಹೆಣ್ಣು ಕರುವಿಗೆ ಭೇದಿ ಶುರುವಾಯಿತು. ಮತ್ತೆ ಸೂಜಿ. ಮರುದಿನ ಇನ್ನೊಂದು ಸೂಜಿ. ಯಾವುದೂ ಹತ್ತಲಿಲ್ಲ. ಮೂರನೇ ದಿನ ಬೆಳಿಗ್ಗೆ ಕಣ್ಣು ಒಳಗೆ ಹೋಗಿತ್ತು, ಬಾಯೊಳಗೆ ಬೆರಳಿಟ್ಟರೆ ತಣ್ಣಗೆ, ಬೆರಳು ಚೀಪಲೇ ಇಲ್ಲ. ಹತ್ತು ಗಂಟೆಗೆ ಹೋಯಿತು. ಮೈಯಲ್ಲಿ ನೀರು ಬತ್ತಿ ಸತ್ತಿದೆ, ಮೊದಲು ಕೊಡಬೇಕಿದ್ದದ್ದು ಉಪ್ಪು ಸಕ್ಕರೆ ನೀರು ಅಂತ ಡಾಕ್ಟರ್ ಹೇಳಿದ ದಿನ ನಾನು ತುಂಬ ಅತ್ತೆ.

ಆ ಡಾಕ್ಟರ್ ಅಂದರೆ ನಮ್ಮ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಯವರು. ಕರು ಸತ್ತ ಮೇಲೆ ಅವರ ಹತ್ತಿರ ಹೋದೆ. ಮೊದಲೇ ಹೋಗಬೇಕಿತ್ತು, ಗೊತ್ತು. ಒಂಬತ್ತು ತಿಂಗಳಲ್ಲಿ ಯಾವ ಆಕಳಿಗೆ ಯಾವ ಸೂಜಿ ಹಾಕಿಸಿದ್ದೀರಿ ಹೇಳಿ ಅಂದರು. ನಾನು ಖಾಲಿ ಬಾಟಲಿಗಳನ್ನು ಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ, ಮೇಜಿನ ಮೇಲೆ ಸುರಿದೆ. ಅವರು ಒಂದೊಂದನ್ನೇ ಎತ್ತಿ ಓದಿ ಸಾಲಾಗಿ ಇಟ್ಟರು. ಐದು ಬಗೆಯ ಆಂಟಿಬಯಾಟಿಕ್ ಇದ್ದವು. ಬೈಯಲಿಲ್ಲ. "ನೋಡವಾ, ಇನ್ನ ಮ್ಯಾಲ ಕಣ್ಣ ಮುಚ್ಚಿ ಸೂಜಿ ಮಾಡೂದು ಬ್ಯಾಡ. ಯಾವ ಕ್ರಿಮಿ ಐತಿ, ಅದಕ್ಕ ಯಾವ ಔಷಧ ಹತ್ತತೈತಿ, ಮೊದಲ ನೋಡೂಣು" ಅಂದರು.

ಮೊದಲು ಸಿಎಂಟಿ ಕಿಟ್ ತರಿಸಿದೆ. ಇದು 1950ರ ದಶಕದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಂದ ಪರೀಕ್ಷೆ, ಹೆಸರೇ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಮಾಸ್ಟೈಟಿಸ್ ಅಂದರೆ ಕೆಚ್ಚಲು ಬಾವು. ಕಿಟ್ ಅಂದರೆ ಜಾಸ್ತಿ ಏನಿಲ್ಲ. ಹಿಡಿಕೆ ಇರುವ ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ನಾಲ್ಕು ಬಟ್ಟಲು, ಜೊತೆಗೆ ಒಂದು ಬಾಟಲಿ ನೇರಳೆ ಬಣ್ಣದ ದ್ರಾವಣ. ನಾಲ್ಕು ಮೊಲೆಯ ಹಾಲನ್ನು ನಾಲ್ಕು ಬಟ್ಟಲಿಗೆ ಸ್ವಲ್ಪ ಸ್ವಲ್ಪ ಹಿಂಡಬೇಕು, ಹಾಲು ಎಷ್ಟಿದೆಯೋ ಅಷ್ಟೇ ದ್ರಾವಣ ಹಾಕಬೇಕು, ಹತ್ತು ಸೆಕೆಂಡ್ ಮೆಲ್ಲಗೆ ತಿರುಗಿಸಬೇಕು. ಹಾಲು ಚೆನ್ನಾಗಿದ್ದರೆ ನೀರಾಗಿ ಹರಿದಾಡುತ್ತದೆ. ಸೋಂಕು ಇದ್ದರೆ ಬೆಂಡೆಕಾಯಿ ಹೆಚ್ಚಿದಾಗ ಬರುವ ಲೋಳೆ ಥರ ದಪ್ಪ ಆಗುತ್ತದೆ. ಜಾಸ್ತಿ ಇದ್ದರೆ ಬಟ್ಟಲ ಮಧ್ಯದಲ್ಲಿ ಮುದ್ದೆಯಾಗಿ ನಿಲ್ಲುತ್ತದೆ. ಸೋಂಕಿನ ಜೊತೆ ಹೋರಾಡೋಕೆ ಬಂದ ಬಿಳಿ ರಕ್ತಕಣಗಳನ್ನು ಆ ಸೋಪಿನಂಥ ದ್ರಾವಣ ಒಡೆಯುತ್ತದೆ, ಒಳಗಿನ ಡಿಎನ್‌ಎ ಹೊರಗೆ ಬಂದು ಲೋಳೆ ಕಟ್ಟುತ್ತದೆ.

ಮೊದಲ ಸಂಜೆಯೇ 11 ದನಗಳನ್ನೂ ನೋಡಿದೆ. ಬಾವು ಕಾಣಿಸಿದ್ದು ನಾಲ್ಕಕ್ಕೆ. ಲೋಳೆ ಬಂದದ್ದು ಆರಕ್ಕೆ. ಆ ಇನ್ನೆರಡರ ಹಾಲು ಕಣ್ಣಿಗೆ ಒಂಚೂರೂ ವ್ಯತ್ಯಾಸ ಇರಲಿಲ್ಲ, ಕೆಚ್ಚಲು ಮೆತ್ತಗಿತ್ತು, ಮೇವು ತಿನ್ನುತ್ತಿದ್ದವು. ಡೈರಿಗೆ ಹೋಗುತ್ತಿದ್ದ ಹಾಲು ಅದು. ಇದೊಂದಕ್ಕೇ ಕಿಟ್ಟಿಗೆ ಕೊಟ್ಟ ದುಡ್ಡು ಬಂತು ಅನ್ನಿಸಿತು. ಒಂದು ಬಾಟಲಿ ದ್ರಾವಣ ನಮಗೆ ಎರಡು ತಿಂಗಳ ಮೇಲೆ ಬಂದಿದೆ, 15 ದಿನಕ್ಕೊಮ್ಮೆ ಎಲ್ಲ ದನಗಳನ್ನು ನೋಡುತ್ತೇವೆ. ಕಿಟ್ಟಿನ ಕೊರತೆ ಅಂದರೆ, ಸೋಂಕು ಇದೆ ಅಂತಷ್ಟೇ ಹೇಳುತ್ತದೆ, ಯಾವ ಕ್ರಿಮಿ ಅಂತ ಹೇಳುವುದಿಲ್ಲ. ಈದ ಮೊದಲ ಕೆಲವು ದಿನ ಮತ್ತು ಹಾಲು ಬತ್ತಿಸುವ ಹೊತ್ತಿನಲ್ಲಿ ಸೋಂಕು ಇಲ್ಲದಿದ್ದರೂ ಲೋಳೆ ತೋರಿಸಬಹುದು. ಗಿಣ್ಣದ ಹಾಲಿಗೆ ಮಾಡಿ ಗಾಬರಿಯಾಗಬೇಡಿ.

ಆ ಆರು ದನಗಳ ಹಾಲೇ ಡಬ್ಬಿಯಲ್ಲಿ ಬೆಳಗಾವಿಗೆ ಹೋದದ್ದು.

ಸ್ಯಾಂಪಲ್ ತೆಗೆಯೋದನ್ನು ಇಲ್ಲಿ ಸ್ವಲ್ಪ ಜಾಸ್ತಿಯೇ ಬರೆಯುತ್ತೇನೆ, ಯಾಕಂದರೆ ಇಡೀ ಟೆಸ್ಟ್ ನಿಂತಿರೋದು ಇದರ ಮೇಲೆ. ಇಲ್ಲಿ ಕೈ ಕೆಟ್ಟರೆ ಕೆಚ್ಚಲಿನ ಕ್ರಿಮಿ ಬದಲು ನಿಮ್ಮ ಕೈಯ ಕ್ರಿಮಿ, ಸೆಗಣಿಯ ಕ್ರಿಮಿ ಬೆಳೆಯುತ್ತದೆ, ವರದಿ ನೋಡಿ ತಪ್ಪು ಔಷಧಿ ಹಾಕುತ್ತೀರಿ. ಲ್ಯಾಬಿನವರು ಕೊಟ್ಟ ಮುಚ್ಚಳದ ಬಾಟಲಿಯೇ ಬೇಕು. ಮನೆಯ ಟಾನಿಕ್ ಬಾಟಲಿ ತೊಳೆದು ಒಯ್ದರೆ ಆಗುವುದಿಲ್ಲ. ಸೂಜಿ ಹಾಕಿಸೋ ಮೊದಲೇ ತೆಗೆಯಬೇಕು. ನಾವು ಸೂಜಿ ನಿಲ್ಲಿಸಿ ಡಾಕ್ಟರ್ ಹೇಳಿದಷ್ಟು ದಿನ ಕಾದು ಆಮೇಲೆ ತೆಗೆದೆವು. ಮೊಲೆ ತೊಳೆದು ಒರೆಸಿ, ಮೊದಲ ಮೂರು ನಾಲ್ಕು ಧಾರೆ ಬೇರೆ ಪಾತ್ರೆಗೆ ಹಿಂಡಿ, ಆಮೇಲೆ ಸ್ಪಿರಿಟ್ ಹಚ್ಚಿದ ಹತ್ತಿಯಿಂದ ತೊಟ್ಟಿನ ತುದಿಯನ್ನು ಹತ್ತಿ ಬೆಳ್ಳಗೆ ಉಳಿಯುವ ತನಕ ಒರೆಸಬೇಕು. ಆ ಕಡೆಯ ಮೊಲೆ ಮೊದಲು ಒರೆಸಿ, ನಮ್ಮ ಕಡೆಯದು ಆಮೇಲೆ. ಹಾಲು ಹಿಂಡುವಾಗ ಉಲ್ಟಾ, ನಮ್ಮ ಕಡೆಯದು ಮೊದಲು. ಹಾಗೆ ಮಾಡಿದರೆ ಒರೆಸಿದ ಮೊಲೆಗೆ ನಮ್ಮ ಕೈ ತಾಗುವುದಿಲ್ಲ. ಬಾಟಲಿಯನ್ನು ಅಡ್ಡ ಹಿಡಿಯಬೇಕು, ಮೇಲಿಂದ ಕೂದಲು ಧೂಳು ಒಳಗೆ ಬೀಳಬಾರದು, ಮುಚ್ಚಳದ ಒಳಭಾಗ ಮುಟ್ಟಬಾರದು. ಐದಾರು ಮಿಲಿ ಸಾಕು. ಮೇಲೆ ಆಕಳ ಹೆಸರು, ಯಾವ ಮೊಲೆ, ತಾರೀಖು. ತಕ್ಷಣ ಐಸ್. ಮೊದಲ ಆಕಳಿಗೆ ನನಗೆ ಹತ್ತು ನಿಮಿಷ ಹಿಡಿಯಿತು, ಆರನೆಯದಕ್ಕೆ ಎರಡು ನಿಮಿಷ.

ಲ್ಯಾಬಿನಲ್ಲಿ ಒಂದು ಸ್ಯಾಂಪಲ್‌ಗೆ 300 ರೂಪಾಯಿ ತೆಗೆದುಕೊಂಡರು. ವರದಿ ಮೂರು ದಿನ ಬಿಟ್ಟು ಅಂದರು. ಬರೀ ಒಂದು ಚೀಟಿ ಹಿಡಿದು ವಾಪಸ್ ಬರುವಾಗ ಆ ಮೂರು ದಿನ ಬಹಳ ದೊಡ್ಡದಾಗಿ ಕಂಡಿತು. ಅಷ್ಟು ಹೊತ್ತು ದನಕ್ಕೆ ಏನು ಮಾಡೋದು ಅಂತ ನಿಮಗೂ ಅನ್ನಿಸಬಹುದು. ದನಕ್ಕೆ ಜ್ವರ ಇದ್ದು ಮೇವು ಬಿಟ್ಟಿದ್ದರೆ ಡಾಕ್ಟರ್ ಕಾಯುವುದಿಲ್ಲ, ಸ್ಯಾಂಪಲ್ ತೆಗೆದು ಅವತ್ತೇ ಔಷಧಿ ಶುರು ಮಾಡುತ್ತಾರೆ, ವರದಿ ಬಂದ ಮೇಲೆ ಬೇಕಾದರೆ ಬದಲಿಸುತ್ತಾರೆ. ನಮ್ಮವು ಚೆನ್ನಾಗಿ ತಿನ್ನುತ್ತಿದ್ದವು, ಹಾಗಾಗಿ ಕಾಯೋಣ ಅಂದರು. ಪದೇ ಪದೇ ಹಿಂಡಿ ಕೆಚ್ಚಲು ಖಾಲಿ ಮಾಡಿ ಅಂದರು. ಲೋಳೆಸರ, ಅರಿಶಿನ, ಸುಣ್ಣ ಅರೆದು ಹಚ್ಚುವ ಲೇಪನ ಎನ್‌ಡಿಡಿಬಿಯವರು (ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿ) ರೈತರಿಗೆ ಹೇಳಿಕೊಡುತ್ತಾರಲ್ಲ, 250 ಗ್ರಾಂ ಲೋಳೆಸರಕ್ಕೆ 50 ಗ್ರಾಂ ಅರಿಶಿನ, 15 ಗ್ರಾಂ ಸುಣ್ಣ, ಅದನ್ನೂ ಹಚ್ಚಿದೆವು. ಒಂದು ಆಕಳ ಬಾವು ಇಳಿಯಿತು. ಲೇಪನದಿಂದಲೋ ತಾನಾಗೇ ಇಳಿಯಿತೋ ನಾನು ಹೇಳಲಾರೆ.

ವರದಿ ತರೋಕೆ ಹೋದ ದಿನ ನಡೆದದ್ದನ್ನು ಮರೆಯೋಕೆ ಆಗುವುದಿಲ್ಲ. ಅಲ್ಲಿನ ಟೆಕ್ನಿಷಿಯನ್ ಹುಡುಗಿ, ಇಪ್ಪತ್ತೈದರ ಒಳಗಿನವಳು, ಬನ್ನಿ ತೋರಿಸ್ತೀನಿ ಅಂತ ಒಳಗೆ ಕರೆದಳು. ಕೈ ತೊಳೆಸಿ, ಏನೂ ಮುಟ್ಟಬೇಡಿ ಅಂದಳು. ಅಂಗೈ ಅಗಲದ ಗುಂಡನೆಯ ಪ್ಲೇಟು, ಮುಚ್ಚಳ ಹಾಕಿತ್ತು. ಒಳಗೆ ತಿಳಿ ಗಂಜಿ ಹೆಪ್ಪುಗಟ್ಟಿದ ಹಾಗೆ ಅಗರ್, ಅಂದರೆ ಕ್ರಿಮಿ ಬೆಳೆಸುವ ವಸ್ತು, ಅದರ ಮೇಲೆ ಮಂಜು ಕವಿದ ಥರ ಬೆಳ್ಳಗೆ ಒಂದು ಪದರ. ಆ ಪದರವೇ ಚಂದ್ರಿಯ ಹಾಲಿನಲ್ಲಿದ್ದ ಕ್ರಿಮಿ. ಮೇಲೆ ಬಟ್ಟೆ ಗುಂಡಿಗಿಂತ ಚಿಕ್ಕದಾದ ಕಾಗದದ ಬಿಲ್ಲೆಗಳು, ಒಂದೊಂದರಲ್ಲಿ ಒಂದೊಂದು ಆಂಟಿಬಯಾಟಿಕ್. ಕೆಲವು ಬಿಲ್ಲೆಯ ಸುತ್ತ ಚಂದ್ರನ ಸುತ್ತ ಕಣ ಕಟ್ಟಿದ ಹಾಗೆ ದುಂಡನೆಯ ಖಾಲಿ ಜಾಗ. ಅಂದರೆ ಆ ಔಷಧಿ ಅಲ್ಲಿ ಕ್ರಿಮಿಯನ್ನು ಬೆಳೆಯೋಕೆ ಬಿಟ್ಟಿಲ್ಲ.

"ಅಕ್ಕಾರ, ಈ ಬಿಲ್ಲೆ ನೋಡ್ರಿ. ಇದು ಪೆನ್ಸಿಲಿನ್. ಸುತ್ತ ಖಾಲಿ ಜಾಗ ಐತೇನ್ರಿ?"

ಇರಲಿಲ್ಲ. ಬಿಲ್ಲೆಯ ಅಂಚಿನ ತನಕ ಬೆಳ್ಳಗೆ ಬೆಳೆದಿತ್ತು. ಪಕ್ಕದ ಟೆಟ್ರಾಸೈಕ್ಲಿನ್ ಬಿಲ್ಲೆಯೂ ಹಾಗೇ. ನಾವು ಒಂಬತ್ತು ತಿಂಗಳು ಸುರಿದ ಔಷಧಿಗಳವು. ಅವುಗಳ ಮಗ್ಗುಲಲ್ಲೇ ಆ ಕ್ರಿಮಿ ಏನೂ ಆಗದ ಹಾಗೆ ಬೆಳೆದು ನಿಂತಿತ್ತು. ಆ ಹುಡುಗಿ ಅಷ್ಟು ಸಮಾಧಾನದಿಂದ ತೋರಿಸಿದ್ದಕ್ಕೆ ನಾನು ಋಣಿ. ಎಷ್ಟು ಜನ ಎಷ್ಟು ಹೇಳಿದ್ದರೂ ಆಗದ್ದು ಆ ಪ್ಲೇಟು ನೋಡಿದ ಎರಡು ನಿಮಿಷದಲ್ಲಿ ಆಯಿತು.

ಆರರಲ್ಲಿ ನಾಲ್ಕು ಬಾಟಲಿಯಲ್ಲಿ ಬೆಳೆದದ್ದು ಸ್ಟ್ಯಾಫಿಲೋಕಾಕಸ್ ಆರಿಯಸ್ ಅನ್ನುವ ಬ್ಯಾಕ್ಟೀರಿಯಾ, ಚಿಕ್ಕದಾಗಿ ಸ್ಟ್ಯಾಫ್. ನಾಲ್ಕಕ್ಕೂ ಹತ್ತದ ಔಷಧಿ, ಹತ್ತುವ ಔಷಧಿ ಒಂದೇ ಥರ. ಒಂದರಲ್ಲಿ ಸೆಗಣಿಯಲ್ಲಿ ಇರುವ ಇ. ಕೋಲೈ ಬ್ಯಾಕ್ಟೀರಿಯಾ, ಅದು ಇನ್ನೂ ಜಾಸ್ತಿ ಔಷಧಿಗಳಿಗೆ ಜಗ್ಗದ್ದು. ಕೊನೆಯ ಬಾಟಲಿಯಲ್ಲಿ ಏನೂ ಬೆಳೆಯಲೇ ಇಲ್ಲ. ಆ ಆಕಳಿಗೆ ಆಂಟಿಬಯಾಟಿಕ್ಕೇ ಬೇಡ, ಕಿಟ್ಟಿನಲ್ಲಿ ನೋಡುತ್ತಿರಿ ಅಂದರು ಡಾಕ್ಟರ್. ವಾರ ಬಿಟ್ಟು ನೋಡಿದರೆ ಲೋಳೆ ಹೋಗಿತ್ತು. ಟೆಸ್ಟ್ ಇಲ್ಲದಿದ್ದರೆ ಅದಕ್ಕೂ ಮೂರು ಸೂಜಿ ಹಾಕಿಸುತ್ತಿದ್ದೆ.

ವರದಿ ಇಟ್ಟುಕೊಂಡು ಡಾಕ್ಟರ್ ಒಂದು ಗಂಟೆ ಕೂತು ಹೇಳಿದರು. ಸೂಜಿ ಹಾಕಿದಾಗ ಮೆತ್ತನೆಯ ಕ್ರಿಮಿಗಳು ಸಾಯುತ್ತವೆ, ಹೇಗೋ ತಡೆದುಕೊಳ್ಳುವ ನಾಲ್ಕು ಉಳಿಯುತ್ತವೆ. ಅವೇ ಬೆಳೆದು ಕೆಚ್ಚಲು ತುಂಬುತ್ತವೆ. ಪೆನ್ಸಿಲಿನ್ನನ್ನೇ ಕತ್ತರಿಸಿ ಹಾಕುವ ಕಿಣ್ವ ಈ ಸ್ಟ್ಯಾಫ್ ತಯಾರಿಸುತ್ತದೆ. ಆ ವಿದ್ಯೆಯನ್ನು ಪಕ್ಕದ ಕ್ರಿಮಿಗೂ ಕೊಡುತ್ತದೆ, ಡಿಎನ್‌ಎಯ ಸಣ್ಣ ಉಂಗುರಗಳು ಒಂದರಿಂದ ಒಂದಕ್ಕೆ ದಾಟುತ್ತವೆ. ಪೆನ್ಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತೆಗೆದುಕೊಂಡಾಗಲೇ, ಅರೆಬರೆ ಔಷಧಿ ಕೊಟ್ಟರೆ ಕ್ರಿಮಿಗಳು ತಡೆದುಕೊಳ್ಳೋದನ್ನು ಕಲಿಯುತ್ತವೆ ಅಂತ ಎಚ್ಚರಿಸಿದ್ದರಂತೆ. ನಾವು ಮೂರನೇ ಸೂಜಿ ಬೇಡ ಅಂದದ್ದು ನೆನಪಾಯಿತು.

ಹಾಗಾದರೆ ಒಂದರಿಂದ ನಾಲ್ಕಕ್ಕೆ ಹೇಗೆ ಹೋಯಿತು? ನಾಲ್ಕರದ್ದೂ ಒಂದೇ ಥರ ಇದೆ ಅಂದರೆ ಒಂದೇ ಕಡೆಯಿಂದ ಹರಡಿರಬಹುದು, ಪಕ್ಕಾ ಹೇಳೋಕೆ ಜೀನ್ ಪರೀಕ್ಷೆ ಬೇಕು ಅಂದರು. ಆಮೇಲೆ ಕೊಟ್ಟಿಗೆಗೆ ಬಂದು ನಾನು ಹಾಲು ಹಿಂಡೋದನ್ನು ನಿಂತು ನೋಡಿದರು. ಒಂದು ಬಕೆಟ್ ನೀರು. ಒಂದು ಹಳೆಯ ಟವೆಲ್. ಅದರಲ್ಲೇ ಚಂದ್ರಿಯ ಕೆಚ್ಚಲು ಒರೆಸಿದೆ, ಹಿಂಡಿ ಅದರಲ್ಲೇ ಪಕ್ಕದ ಆಕಳದ್ದು ಒರೆಸಿದೆ. "ಟವೆಲ್ ಇಲ್ಲಿ ಕೊಡವಾ" ಅಂದರು. ಕೊಟ್ಟೆ. ಅದನ್ನು ನನ್ನ ಮುಂದೆ ಹಿಡಿದು ಸುಮ್ನೆ ನಿಂತರು. ಇನ್ನೇನೂ ಹೇಳಬೇಕಿರಲಿಲ್ಲ. ಸ್ಟ್ಯಾಫ್ ಹರಡೋದು ಹಾಲು ಹಿಂಡುವ ಹೊತ್ತಿನಲ್ಲೇ. ಕೈಯಿಂದ, ಬಟ್ಟೆಯಿಂದ, ಮಷಿನ್ ಇದ್ದವರಿಗೆ ಅದರ ರಬ್ಬರ್ ಕಪ್ಪಿನಿಂದ.

ಈಗ ಒಂದು ಆಕಳಿಗೆ ಒಂದು ಬಟ್ಟೆ. ಮಗಳ ಹಳೆಯ ಲಂಗ, ಅತ್ತೆಯ ಹಳೆಯ ಸೀರೆ ಎಲ್ಲ ತುಂಡು ಮಾಡಿ ಇಟ್ಟಿದ್ದೇನೆ, ದಿನಾ ಕುದಿಸಿ ಒಣಗಿಸುತ್ತೇವೆ. ಸೋಂಕು ಇಲ್ಲದವನ್ನು ಮೊದಲು ಹಿಂಡುತ್ತೇವೆ, ಚಂದ್ರಿ ಕೊನೆಗೆ. ಹಿಂಡಿದ ಕೂಡಲೇ ಮೊಲೆಯನ್ನು ಐಯೋಡಿನ್ ದ್ರಾವಣದ ಕಪ್ಪಿನಲ್ಲಿ ಅದ್ದುತ್ತೇವೆ. ಆಗಲೇ ಮುಂದೆ ಮೇವು ಹಾಕುತ್ತೇವೆ, ಅರ್ಧ ಗಂಟೆಯಾದರೂ ನಿಂತಿರಲಿ ಅಂತ. ಹಿಂಡಿದ ಮೇಲೆ ತೊಟ್ಟಿನ ಬಾಯಿ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ, ಆಗ ಸೆಗಣಿಯಲ್ಲಿ ಮಲಗಿದರೆ ಕ್ರಿಮಿ ನೇರ ಒಳಗೆ. ಸೂಜಿ ಹಾಕಿದ ಆಕಳ ಹಾಲು ಕರುಗಳಿಗೆ ಪೂರ್ತಿ ಬಂದ್. ಆ ಹಾಲಿನಿಂದ ಕರುವಿನ ಹೊಟ್ಟೆಯ ಕ್ರಿಮಿಗಳಿಗೆ ದಿನಾ ಸ್ವಲ್ಪ ಸ್ವಲ್ಪ ಔಷಧಿ ಸಿಗುತ್ತದೆ, ಜಗ್ಗದವು ಮಾತ್ರ ಉಳಿದು ಸೆಗಣಿಯಲ್ಲಿ ಹೊರಗೆ ಬರುತ್ತವೆ, ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ. ಆ ಇ. ಕೋಲೈ ನಮ್ಮ ಕೊಟ್ಟಿಗೆಗೆ ಹೀಗೇ ಬಂದಿರಬಹುದು ಅಂದರು ಡಾಕ್ಟರ್. ಕರು ಮೊದಲೇ ಸತ್ತಿತ್ತು, ಅದರ ಸೆಗಣಿ ಯಾರೂ ಪರೀಕ್ಷೆ ಮಾಡಿಸಿರಲಿಲ್ಲ.

ಯಾವ ಔಷಧಿಯಿಂದ ಗುಣವಾಯಿತು ಅಂತ ಕೇಳಬೇಡಿ, ಬೇಕಂತಲೇ ಬರೆದಿಲ್ಲ. ನಮ್ಮ ಕೊಟ್ಟಿಗೆಯ ಕ್ರಿಮಿಗೆ ಹತ್ತಿದ್ದು ನಿಮ್ಮದಕ್ಕೆ ಹತ್ತಬೇಕಂತಿಲ್ಲ. ಹೆಸರು ಬರೆದರೆ ಯಾರಾದರೂ ಅಂಗಡಿಗೆ ಹೋಗಿ ಅದನ್ನೇ ತರುತ್ತಾರೆ, ನಾನು ಮಾಡಿದ ಹಾಗೇ. ವರದಿಯಲ್ಲಿ ಹತ್ತುತ್ತದೆ ಅಂತ ಬಂದ ಔಷಧಿಗಳಲ್ಲೂ ಡಾಕ್ಟರ್ ಸೌಮ್ಯವಾದದ್ದನ್ನೇ ಆರಿಸಿದರು. ಹೊಸ ತಲೆಮಾರಿನ ಸೆಫಲೋಸ್ಪೊರಿನ್ ಥರದವು ಮನುಷ್ಯರ ಆಸ್ಪತ್ರೆಗೂ ಬೇಕಾದವು, ಅವನ್ನು ಕೊಟ್ಟಿಗೆಯಲ್ಲಿ ಸವೆಸಬಾರದು ಅಂದರು. ಕೊಲಿಸ್ಟಿನ್ ಅನ್ನುವ ಔಷಧಿಯನ್ನು ಹೀಗೇ ಮನುಷ್ಯರಿಗೆ ಉಳಿಸಿಕೊಳ್ಳಲು ಕೇಂದ್ರ ಸರ್ಕಾರ 2019ರಲ್ಲಿ ದನ ಕೋಳಿಗಳಿಗೆ ನಿಷೇಧಿಸಿದೆ. ಅದೇ 2019ರಲ್ಲಿ ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತಿದ್ದಾರೆ ಅನ್ನುವ ಅಂದಾಜಿದೆ. ದನದ ಸೂಜಿಗೂ ಇದಕ್ಕೂ ಏನು ಸಂಬಂಧ ಅಂತ ಮೊದಲಾದರೆ ಕೇಳುತ್ತಿದ್ದೆ.

ಟೆಸ್ಟ್ ಮಾಡಿಸಿದರೆ ಎಲ್ಲ ಸರಿಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮೂರು ಆಕಳು ಗುಣವಾದವು, ಸ್ಟ್ಯಾಫ್ ಇದ್ದ ಎರಡು ಮತ್ತು ಇ. ಕೋಲೈ ಇದ್ದ ಒಂದು. ಇನ್ನೊಂದರದ್ದು ಏನೂ ಬೆಳೆಯದ ಬಾಟಲಿ, ಅದೂ ಸರಿ ಇದೆ. ಸ್ಟ್ಯಾಫ್ ಇದ್ದ ಮೂರನೆಯದರ ಒಂದು ಮೊಲೆ ಬತ್ತಿತು. ಚಂದ್ರಿ ಗುಣವಾಗಲಿಲ್ಲ. ಪ್ಲೇಟಿನಲ್ಲಿ ಔಷಧಿ ಹತ್ತಿತ್ತು, ಕೆಚ್ಚಲಲ್ಲಿ ಹತ್ತಲಿಲ್ಲ. ಸ್ಟ್ಯಾಫ್ ಹಳೆಯದಾದರೆ ಕೆಚ್ಚಲ ಮಾಂಸದೊಳಗೆ ಗಂಟು ಕಟ್ಟಿ ಕೂರುತ್ತದೆ, ಔಷಧಿ ಅಲ್ಲಿಗೆ ಮುಟ್ಟುವುದೇ ಇಲ್ಲ. ಮೊದಲ ಸಲವೇ ಟೆಸ್ಟ್ ಮಾಡಿಸಿದ್ದರೆ ಆ ಮೊಲೆ ಉಳಿಯುತ್ತಿತ್ತೇನೋ. ಸಂತೆಗೆ ಹೊಡೆದುಬಿಡು ಅಂತ ಮೂರು ಜನ ಹೇಳಿದರು. ನಮಗೆ ಹಾಗೇ ಬಂದದ್ದಲ್ವಾ ಇದು? ಗೊತ್ತಿದ್ದೂ ಇನ್ನೊಬ್ಬರ ಕೊಟ್ಟಿಗೆಗೆ ಕಳಿಸೋಕೆ ಮನಸ್ಸು ಒಪ್ಪಲಿಲ್ಲ. ಆ ಮೊಲೆ ಪೂರ್ತಿ ಬತ್ತಿಸಿದ್ದೇವೆ, ಚಂದ್ರಿಯನ್ನು ಕೊನೆಯಲ್ಲಿ ಬೇರೆ ಕಟ್ಟುತ್ತೇವೆ. ಈಗ ಗಬ್ಬ ಇದೆ.

ದುಡ್ಡಿನ ಲೆಕ್ಕ ಕೇಳುವವರಿಗೆ. ಒಂಬತ್ತು ತಿಂಗಳಲ್ಲಿ ಸೂಜಿ, ಔಷಧಿ, ಬಂದವರಿಗೆ ಕೊಟ್ಟದ್ದು ಎಲ್ಲ ಸೇರಿ 11,000 ದಾಟಿದೆ, ಚೀಟಿ ಸಿಕ್ಕಷ್ಟು. ಚೆಲ್ಲಿದ ಹಾಲು, ಸತ್ತ ಕರು ಇದರಲ್ಲಿಲ್ಲ. ಟೆಸ್ಟಿಗೆ ಆರು ಸ್ಯಾಂಪಲ್ಲಿಗೆ 1,800 ಮತ್ತು ಎರಡು ಸಲದ ಬಸ್ ಚಾರ್ಜು.

ಈಗ ಲ್ಯಾಬಿನ ಮೇಲಿನ ದೂರು. ವರದಿ ಪೂರ್ತಿ ಇಂಗ್ಲಿಷಿನಲ್ಲಿತ್ತು. ಎಸ್, ಐ, ಆರ್ ಅಂತ ಮೂರು ಅಕ್ಷರ, ಅದರ ಅರ್ಥ ಎಲ್ಲೂ ಬರೆದಿರಲಿಲ್ಲ. ಎಸ್ ಅಂದರೆ ಹತ್ತುತ್ತದೆ, ಆರ್ ಅಂದರೆ ಹತ್ತುವುದಿಲ್ಲ, ಐ ಅಂದರೆ ನಡುವಿನದು. ಬೆಳಗಾವಿಯಲ್ಲಿ ಕೂತು ರೈತರಿಗೆ ಕೊಡುವ ಕಾಗದದಲ್ಲಿ ನಾಲ್ಕು ಸಾಲು ಕನ್ನಡ ಹಾಕೋದು ಅಷ್ಟು ಕಷ್ಟವೇ? ಫೋನ್ ಎತ್ತುವುದಿಲ್ಲ. ವರದಿ ವಾಟ್ಸಾಪ್‌ನಲ್ಲಿ ಕಳಿಸಿ ಅಂದರೆ ಬಂದು ಒಯ್ಯಿರಿ ಅಂದರು. ಒಂದು ಕಾಗದಕ್ಕಾಗಿ 50 ಕಿಲೋಮೀಟರ್ ಹತ್ತಿರ ಹೋಗಿ ಬರಬೇಕು, ಅವತ್ತಿನ ಸಂಜೆಯ ಹಾಲು ಅತ್ತೆ ಒಬ್ಬರೇ ಹಿಂಡಬೇಕು. ಸ್ಯಾಂಪಲ್ ಬಾಟಲಿ ತಾಲೂಕು ಆಸ್ಪತ್ರೆಯಲ್ಲೇ ಸಿಕ್ಕಿ, ಅಲ್ಲಿಂದಲೇ ಲ್ಯಾಬಿಗೆ ಹೋಗುವ ಹಾಗಿದ್ದರೆ ಎಷ್ಟೋ ಜನ ಮಾಡಿಸುತ್ತಾರೆ. ಇದನ್ನು ಡೈರಿ ಸಂಘದ ಸಭೆಯಲ್ಲೂ ಎದ್ದು ನಿಂತು ಕೇಳಿದ್ದೇನೆ, ಇನ್ನೂ ಕೇಳುತ್ತೇನೆ.

ಅದೇ ಸಭೆಯಲ್ಲಿ ಹಾಲು ಎಷ್ಟು ದಿನ ಬಿಡಬೇಕು ಅಂತ ಒಬ್ಬ ಕಾಕಾ ಕೇಳಿದರು. ಔಷಧಿ ಬಾಟಲಿ ಮೇಲೆ ಬರೆದಿರುತ್ತದೆ, ಬರೆದಿಲ್ಲದಿದ್ದರೆ ಕಡಿಮೆ ಅಂದರೂ 7 ದಿನ ಅಂತ ಕಾನೂನಿನಲ್ಲೇ ಇದೆ. "ಏಳ ದಿನಾ ಯಾರ ಚೆಲ್ತಾರವಾ?" ಅಂದರು. ಚೆಲ್ಲೋದು ನಮಗೂ ಕಷ್ಟ ಆಯಿತು ಕಾಕಾ ಅಂದೆ. ಬೆಳಗಾವಿಯ ಕುಂದಾ ಆಗೋದೂ ನಮ್ಮಂಥವರ ಕೊಟ್ಟಿಗೆಯ ಹಾಲಿನಿಂದಲೇ, ಊರ ಮಕ್ಕಳು ಕುಡಿಯೋದೂ ಅದೇ. ಅವರು ಏನೂ ಅನ್ನಲಿಲ್ಲ. ಮರುದಿನ ಬೆಳಿಗ್ಗೆ ನಮ್ಮ ಮನೆಗೆ ಬಂದು ಸಿಎಂಟಿ ಕಿಟ್ ಕೇಳಿ ಒಯ್ದರು.

ಹೋಗುವವರಿಗೆ ಒಂದೆರಡು ಮಾತು. ಸೋಮವಾರ ಅಥವಾ ಮಂಗಳವಾರ ಬೆಳಿಗ್ಗೆ ಕೊಡಿ, ಗುರುವಾರದ ಮೇಲೆ ಕೊಟ್ಟರೆ ಭಾನುವಾರದ ರಜೆ ಮಧ್ಯೆ ಬಂದು ವರದಿ ತಡ ಆಗುತ್ತದೆ. ಬಾಟಲಿ ಮೊದಲೇ ತರಿಸಿಟ್ಟುಕೊಳ್ಳಿ, ಬಾವು ಬಂದ ರಾತ್ರಿ ಹುಡುಕೋಕೆ ಆಗುವುದಿಲ್ಲ. ದನಕ್ಕೆ ತೀರಾ ಹುಷಾರಿಲ್ಲ ಅಂದರೆ ಸರ್ಕಾರದ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಸ್ಟ್ಯಾಫ್ ಎಲ್ಲ ದಿನವೂ ಹಾಲಿನಲ್ಲಿ ಬರುವುದಿಲ್ಲ, ಹಾಗಾಗಿ ಒಂದು ಸಲ ಏನೂ ಬೆಳೆಯಲಿಲ್ಲ ಅಂದರೆ, ಕಿಟ್ಟಿನಲ್ಲಿ ಇನ್ನೂ ಲೋಳೆ ಇದ್ದರೆ, ಮತ್ತೊಮ್ಮೆ ಕಳಿಸಿ. ನಮ್ಮ ಜರ್ಸಿಯನ್ನು ಮುಂದಿನ ತಿಂಗಳು ಬತ್ತಿಸಬೇಕು. ಅದಕ್ಕಿಂತ ಮೊದಲು ಅದರ ನಾಲ್ಕೂ ಮೊಲೆಯ ಹಾಲು ಕಳಿಸುತ್ತೇನೆ. ನಾಲ್ಕು ಬಾಟಲಿ ಕಪಾಟಿನಲ್ಲಿ ಇಟ್ಟಿದ್ದೇನೆ, ಹೆಸರು ಬರೆದಾಗಿದೆ, ತಾರೀಖು ಮಾತ್ರ ಬಾಕಿ.